ಒಬ್ಬರೇ ಡೈವ್ ಮಾಡಬಹುದಾ? ಸೋಲೋ ಸ್ಕೂಬಾದ ತಯಾರಿ ಮತ್ತು ಅದರ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ. ಓದುವ ಅನುಕೂಲಕ್ಕಾಗಿ ಅಲ್ಲಲ್ಲಿ ತಿದ್ದಲಾಗಿದೆ.)



ಇವತ್ತಿನ ವಿಷಯ ನೀವೇ ಕೊಟ್ಟಿದ್ದು. ಸ್ಕೂಬಾ ಬಗ್ಗೆ ಮಾತಾಡಿದಾಗಲೆಲ್ಲ ಇನ್‌ಬಾಕ್ಸ್‌ಗೆ ಒಂದು ಪ್ರಶ್ನೆ ಬಂದೇ ಬರುತ್ತೆ: "ಒಬ್ಬರೇ ಡೈವ್ ಮಾಡಬಹುದಾ?" ಕೇಳೋರಲ್ಲಿ ಹೆಚ್ಚಿನವರು ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ ಬಂದವರು, ಇಲ್ಲಾ ಅಂಡಮಾನ್‌ಗೆ ಟ್ರಿಪ್ ಹೋದವರು. ಒಂದು ಸಲ ನೀರಿನಡಿಯ ಆ ಮೌನ ನೋಡಿದವರಿಗೆ "ಇಲ್ಲಿ ನಾನೊಬ್ಬನೇ ಇದ್ದಿದ್ರೆ" ಅನ್ನಿಸೋದು ಸಹಜ. ಬೈಕ್‌ನಲ್ಲಿ ಸೋಲೋ ಟ್ರಿಪ್ ಹೋಗ್ತೀವಿ, ಬೆಟ್ಟ ಹತ್ತುತ್ತೀವಿ, ಸಮುದ್ರ ಯಾಕೆ ಬೇಡ?

ನೇರ ಉತ್ತರ ಮೊದಲೇ ಹೇಳಿಬಿಡ್ತೀನಿ. ಮಾಡಬಹುದು. ಅದಕ್ಕೆ ಕೋರ್ಸ್ ಇದೆ, ಸರ್ಟಿಫಿಕೇಟ್ ಇದೆ. ಆದರೆ ನಿಮ್ಮಲ್ಲಿ ಬಹುಪಾಲು ಜನ ಈಗ ಮಾಡಬಾರದು. ನಾನೂ ಮಾಡಲ್ಲ, ಯಾಕೆಂದರೆ ಅದಕ್ಕೆ ಬೇಕಾದಷ್ಟು ಡೈವ್ ನನ್ನ ಲಾಗ್‌ಬುಕ್‌ನಲ್ಲಿ ಇನ್ನೂ ಇಲ್ಲ. ಹಾಗಿದ್ರೆ ಸಂಚಿಕೆ ಯಾಕೆ? ಸೋಲೋ ಡೈವ್ ಮಾಡೋದು ಬೇರೆ, ಸೋಲೋ ಡೈವರ್ ಥರ ತಯಾರಾಗೋದು ಬೇರೆ. ಎರಡನೆಯದು ಸ್ಕೂಬಾ ಮಾಡೋ ಪ್ರತಿಯೊಬ್ಬರಿಗೂ ಬೇಕು. ಯಾಕೆ ಅಂತ ಮುಂದಿನ ಇಪ್ಪತ್ತು ನಿಮಿಷದಲ್ಲಿ ನೋಡೋಣ.

ಮೊದಲು ಒಂದು ಗೊಂದಲ ತೆಗೆಯೋಣ. ಟ್ರಿಪ್‌ಗೆ ಹೋದಾಗ ಅರ್ಧ ಗಂಟೆ ಟ್ರೇನಿಂಗ್ ಕೊಟ್ಟು ನೀರಿಗಿಳಿಸ್ತಾರಲ್ಲ, ಅದು ಬರೀ ಪರಿಚಯದ ಡೈವ್. ಅಲ್ಲಿ ಇನ್‌ಸ್ಟ್ರಕ್ಟರ್ ನಿಮ್ಮ ಸಿಲಿಂಡರ್ ಹಿಡ್ಕೊಂಡೇ ಇರ್ತಾರೆ. ನೀವು ಅಲ್ಲಿ ಪ್ಯಾಸೆಂಜರ್. ಅದಾದಮೇಲೆ ಓಪನ್ ವಾಟರ್ ಕೋರ್ಸ್, ಆಮೇಲೆ ಅಡ್ವಾನ್ಸ್ಡ್ ಕೋರ್ಸ್. ಈ ಎಲ್ಲ ಹಂತದಲ್ಲೂ ಕಲಿಸೋ ಮೂಲ ನಿಯಮ ಒಂದೇ: ಒಬ್ಬರೇ ಇಳಿಯಬೇಡಿ, ಜೊತೆಗಾರ ಇರಲಿ. ಇದಕ್ಕೆ ಬಡ್ಡಿ ಪದ್ಧತಿ ಅಂತಾರೆ. ನಮ್ಮ ಸಾಲದ ಬಡ್ಡಿ ಅಲ್ಲ, ಇಂಗ್ಲಿಷಿನ ಬಡ್ಡಿ, ಜೊತೆಗಾರ. ನಾನು ಬಿ.ಕಾಂ. ಓದಿದವಳು, ಮೊದಲ ಸಲ ಕೇಳಿದಾಗ ನನ್ನ ತಲೆಗೆ ಬಂದಿದ್ದು ಸಾಲದ ಬಡ್ಡಿನೇ. ಅದಕ್ಕೆ ಇವತ್ತು ಪೂರ್ತಿ 'ಜೊತೆಗಾರ' ಅಂತಲೇ ಹೇಳ್ತೀನಿ.

ಜೊತೆಗಾರ ಮಾಡೋ ಕೆಲಸ ಏನು? ಮುಖ್ಯವಾಗಿ ಮೂರು. ನಿಮ್ಮ ಗಾಳಿ ಮುಗಿದರೆ ಅವರ ಸಿಲಿಂಡರ್‌ನಿಂದ ಗಾಳಿ ಕೊಡೋದು. ನಿಮಗೆ ಕಾಣದ ಕಡೆ, ಅಂದರೆ ಬೆನ್ನ ಹಿಂದೆ ಬಲೆ ಸಿಕ್ಕಿದೆಯಾ, ಗಾಳಿ ಸೋರ್ತಿದೆಯಾ ಅಂತ ನೋಡೋದು. ಮೂರನೆಯದು, ನಿಮಗೆ ಗಾಬರಿಯಾದಾಗ ಅಥವಾ ನೀವು ತಪ್ಪು ನಿರ್ಧಾರ ಮಾಡ್ತಿದ್ದಾಗ ತಡೆಯೋದು. ಒಂದು ಹೆಚ್ಚುವರಿ ಸಿಲಿಂಡರ್, ಒಂದು ಜೊತೆ ಕಣ್ಣು, ಒಂದು ತಲೆ. ಒಬ್ಬರೇ ಇಳಿಯೋದು ಅಂದರೆ ಈ ಮೂರನ್ನೂ ನೀವೇ ಹೊತ್ಕೊಂಡು ಹೋಗೋದು.

ಇದನ್ನ ಕಲಿಸೋ ಸಂಸ್ಥೆಗಳಿವೆ. ಎಸ್‌ಡಿಐ ಅನ್ನೋ ತರಬೇತಿ ಸಂಸ್ಥೆ 1999ರಲ್ಲಿ ಸೋಲೋ ಡೈವರ್ ಕೋರ್ಸ್ ಶುರು ಮಾಡ್ತು. ಆಗ ಅದು ದೊಡ್ಡ ಚರ್ಚೆ, ಯಾಕೆಂದರೆ ಅಲ್ಲಿವರೆಗೆ ಒಬ್ಬರೇ ಡೈವ್ ಮಾಡೋದು ಅಂದರೆ ಬಾಯಿಬಿಟ್ಟು ಹೇಳೋ ವಿಷಯ ಆಗಿರಲಿಲ್ಲ. ಆಮೇಲೆ ಪ್ಯಾಡಿ ಸಂಸ್ಥೆಯೂ ಸೆಲ್ಫ್ ರಿಲಯಂಟ್ ಡೈವರ್ ಅಂತ ಕೋರ್ಸ್ ತಂತು. ಹೆಸರು ಗಮನಿಸಿ. 'ಒಂಟಿ' ಅಂತಿಲ್ಲ, 'ಸ್ವಾವಲಂಬಿ' ಅಂತಿದೆ. ಎರಡಕ್ಕೂ ಸೇರಬೇಕಾದ್ರೆ ಅಡ್ವಾನ್ಸ್ಡ್ ಮಟ್ಟದ ಸರ್ಟಿಫಿಕೇಟ್ ಮತ್ತು ಲಾಗ್‌ಬುಕ್‌ನಲ್ಲಿ 100 ಡೈವ್ ಇರಬೇಕು. ವಯಸ್ಸು ಎಸ್‌ಡಿಐಗೆ 21, ಪ್ಯಾಡಿಗೆ 18. ನೂರು ಡೈವ್ ಅಂದರೆ ಕೋರ್ಸ್ ಮುಗಿಸೋಕಲ್ಲ, ಕೋರ್ಸ್‌ಗೆ ಸೇರೋಕೆ. ವರ್ಷಕ್ಕೆ ಒಂದು ಟ್ರಿಪ್, ಟ್ರಿಪ್‌ಗೆ ಹತ್ತು ಡೈವ್ ಮಾಡಿದರೂ ಹತ್ತು ವರ್ಷ.

ಈಗ ಅಸಲಿ ವಿಷಯಕ್ಕೆ ಬರ್ತೀನಿ. ನಮ್ಮಲ್ಲಿ ಎಷ್ಟೋ ಜನ ಈಗಾಗಲೇ ಸೋಲೋ ಡೈವ್ ಮಾಡ್ತಿದ್ದೀವಿ. ನಮಗೆ ಗೊತ್ತಿಲ್ಲ ಅಷ್ಟೆ.

ಒಂದು ಉದಾಹರಣೆ ಕೊಡ್ತೀನಿ. ಒಂದು ಡೈವ್‌ನಲ್ಲಿ ದೋಣಿಯಲ್ಲಿ ಕೂತಿದ್ದಾಗ ನನಗೆ ಒಬ್ಬರು ಜೊತೆಗಾರರನ್ನ ಸೇರಿಸಿದ್ರು. ಹತ್ತು ನಿಮಿಷದ ಪರಿಚಯ. ಒಳ್ಳೆ ಮನುಷ್ಯ, ಕೈಯಲ್ಲಿ ದೊಡ್ಡ ಕ್ಯಾಮೆರಾ. ಕೆಳಗಿಳಿದ ಮೇಲೆ ಅವರಿಗೆ ಬಂಡೆ ಸಂದಿಯಲ್ಲಿ ಒಂದು ಹಾವುಮೀನು ಕಾಣಿಸ್ತು. ಅಲ್ಲೇ ಕೂತುಬಿಟ್ರು. ನಾನು ಸುಮಾರು 15 ಮೀಟರ್ ದೂರದಲ್ಲಿ, ಅವರ ಬೆನ್ನು ನನ್ನ ಕಡೆ. ಗೈಡ್ ಮುಂದೆ ಇನ್ನು ನಾಲ್ಕು ಜನರ ಜೊತೆ. ಆಗ ನನ್ನ ತಲೆಯಲ್ಲಿ ಒಂದು ಲೆಕ್ಕ ಓಡ್ತು. ಈ ಕ್ಷಣ ಉಸಿರೆಳೆದಾಗ ಗಾಳಿ ಬರಲಿಲ್ಲ ಅಂತಿಟ್ಕೊಳ್ಳಿ. ಅದು ಗೊತ್ತಾಗೋದು ಉಸಿರು ಬಿಟ್ಟ ಮೇಲೆ, ಖಾಲಿ ಎದೆಯಲ್ಲಿ. ಆ ಖಾಲಿ ಎದೆಯಲ್ಲಿ 15 ಮೀಟರ್ ಈಜಬೇಕು, ಅವರ ಭುಜ ತಟ್ಟಬೇಕು, ಅವರು ಕ್ಯಾಮೆರಾ ಬಿಟ್ಟು ತಿರುಗಬೇಕು, ನನ್ನ ಸನ್ನೆ ಅರ್ಥ ಮಾಡ್ಕೋಬೇಕು, ಆಮೇಲೆ ಗಾಳಿ ಕೊಡಬೇಕು. ಏನೂ ಆಗಲಿಲ್ಲ, ಚೆನ್ನಾಗೇ ಮುಗಿಸಿ ಬಂದ್ವಿ. ಆದರೆ ಕಾಗದದ ಮೇಲೆ ಅದು ಇಬ್ಬರ ಡೈವ್, ನೀರಿನಲ್ಲಿ ಎರಡು ಸೋಲೋ ಡೈವ್. ಇಬ್ಬರ ಹತ್ತಿರವೂ ಸೋಲೋ ಡೈವರ್‌ನ ಸಾಮಾನಿಲ್ಲ, ಟ್ರೇನಿಂಗೂ ಇಲ್ಲ.

ಡೈವಿಂಗ್ ಜಗತ್ತಿನಲ್ಲಿ ಇಂಥವರಿಗೆ ಒಂದು ತಮಾಷೆಯ ಹೆಸರಿದೆ, 'ಒಂದೇ ಸಮುದ್ರದ ಜೊತೆಗಾರರು'. ಇಬ್ಬರೂ ಒಂದೇ ಸಮುದ್ರದಲ್ಲಿದ್ದಾರೆ, ಅಷ್ಟರ ಮಟ್ಟಿಗೆ ಜೊತೆ!

ಇದಕ್ಕೆ ಪೂರ್ತಿ ವಿರುದ್ಧವಾದ ಉದಾಹರಣೆ ನಿಮಗೆಲ್ಲ ಗೊತ್ತು. 2018ರ ಥಾಯ್ಲೆಂಡ್ ಗುಹೆ. ಥಾಮ್ ಲುವಾಂಗ್ ಗುಹೆಯಲ್ಲಿ 12 ಹುಡುಗರು, ಅವರ ಫುಟ್‌ಬಾಲ್ ಕೋಚ್ ಜೂನ್ 23ಕ್ಕೆ ಸಿಕ್ಕಿಹಾಕ್ಕೊಂಡ್ರು. ಜುಲೈ 2ಕ್ಕೆ ಅವರನ್ನ ಕಂಡುಹಿಡಿದವರು ಬ್ರಿಟನ್ನಿನ ರಿಕ್ ಸ್ಟಾಂಟನ್ ಮತ್ತು ಜಾನ್ ವೊಲಾಂಥೆನ್. 'ಥರ್ಟೀನ್ ಲೈವ್ಸ್' ಸಿನಿಮಾ ನೋಡಿದವರಿಗೆ ನೆನಪಿರುತ್ತೆ. ದೇಶದ ನೌಕಾಪಡೆಯ ಕಮಾಂಡೋಗಳಿದ್ದ ಜಾಗಕ್ಕೆ ನಡುವಯಸ್ಸಿನ ಈ ಹವ್ಯಾಸಿಗಳನ್ನ ಯಾಕೆ ಕರೆಸಿದ್ರು?

ಬ್ರಿಟನ್ನಿನ ಗುಹೆಗಳು ಇಕ್ಕಟ್ಟು, ನೀರು ಕೆಸರು, ತಣ್ಣಗೆ. ಎಷ್ಟೋ ಕಡೆ ಒಬ್ಬರು ತೂರಿ ಹೋಗೋದೇ ಕಷ್ಟ. ಕಣ್ಣಿಗೆ ಕೈ ಕಾಣಲ್ಲ. ಅಂಥಲ್ಲಿ ಜೊತೆಗಾರ ಇದ್ದರೂ ಸಹಾಯಕ್ಕೆ ಬರೋಕಾಗಲ್ಲ, ಬದಲಿಗೆ ವಾಪಸ್ ಬರೋ ದಾರಿಗೆ ಅಡ್ಡ ಆಗಬಹುದು. ಹಾಗಾಗಿ ಅಲ್ಲಿಯ ಗುಹೆ ಡೈವರ್‌ಗಳು ಮೊದಲಿಂದ ಒಬ್ಬರೇ ಇಳಿಯೋದನ್ನ ಅಭ್ಯಾಸ ಮಾಡಿದವರು. ಬೆನ್ನಿಗೆ ಕಟ್ಟೋ ಸಿಲಿಂಡರನ್ನ ಎರಡು ಪಕ್ಕೆಗೆ ಕಟ್ಟಿಕೊಳ್ಳೋ ಸೈಡ್‌ಮೌಂಟ್ ವಿಧಾನಕ್ಕೂ ಅಲ್ಲಿಯ ಗುಹೆಗಳೇ ಮೂಲ. ಪ್ರತಿಯೊಂದೂ ಎರಡೆರಡು, ಪ್ರತಿಯೊಂದೂ ಕೈಗೆ ಎಟುಕುವಂತೆ. ಜುಲೈ 8ರಿಂದ 10ರವರೆಗೆ ಹುಡುಗರನ್ನ ಹೊರಗೆ ತಂದಾಗ ನೀರಿನ ಭಾಗದಲ್ಲಿ ಒಬ್ಬೊಬ್ಬ ಡೈವರ್ ಒಬ್ಬೊಬ್ಬ ಹುಡುಗನನ್ನ ಹಿಡ್ಕೊಂಡು ಬಂದ್ರು. ತನ್ನನ್ನ ತಾನು ನೋಡ್ಕೊಳ್ಳೋದು ಅಭ್ಯಾಸವಾಗಿದ್ದ ಕಾರಣಕ್ಕೇ ಅವರ ಗಮನವೆಲ್ಲ ಆ ಮಗುವಿನ ಮೇಲಿಡೋಕೆ ಸಾಧ್ಯವಾಯ್ತು. ಸೋಲೋ ತಯಾರಿಯ ನಿಜವಾದ ಲಾಭ ಇದು. ನಾನು ಗುಹೆಗೆ ಹೋಗಿ ಅಂತಿಲ್ಲ. ತಲೆಯ ಮೇಲೆ ಕಲ್ಲಿನ ಚಾವಣಿ ಇರೋ ಯಾವ ಜಾಗಕ್ಕೂ ವಿಶೇಷ ತರಬೇತಿ ಇಲ್ಲದೆ ಹೋಗಲೇಬಾರದು. ಅವರ ಯೋಚನೆಯ ಕ್ರಮ ಮಾತ್ರ ತಗೊಳ್ಳೋಣ.

ಸರಿ, ತಯಾರಿಗೆ ಬರೋಣ. ಮೊದಲು ಗಾಳಿ. ಗಾಳಿ ಅಂತಲೇ ಹೇಳ್ತಿದ್ದೀನಿ, ಆಕ್ಸಿಜನ್ ಅಲ್ಲ. ಸಾಮಾನ್ಯ ಸ್ಕೂಬಾ ಸಿಲಿಂಡರ್‌ನಲ್ಲಿ ಇರೋದು ನಾವೀಗ ಉಸಿರಾಡ್ತಿರೋ ಗಾಳಿಯೇ, ಒತ್ತಿ ತುಂಬಿರ್ತಾರೆ.

ಇಲ್ಲಿ ಸ್ವಲ್ಪ ಅಕೌಂಟ್ಸ್ ಕ್ಲಾಸ್. ಹೆದರಬೇಡಿ, ಗುಣಾಕಾರ ಭಾಗಾಕಾರ ಅಷ್ಟೆ.

ಮೇಲ್ಮೈಯಲ್ಲಿ ಒತ್ತಡ 1 ಬಾರ್. ಪ್ರತಿ 10 ಮೀಟರ್ ಇಳಿದಾಗ ಇನ್ನೊಂದು ಬಾರ್ ಸೇರುತ್ತೆ. 10 ಮೀಟರ್‌ನಲ್ಲಿ 2, 20ರಲ್ಲಿ 3, 30ರಲ್ಲಿ 4. ಒತ್ತಡ ಎಷ್ಟು ಪಟ್ಟೋ ಗಾಳಿಯ ಖರ್ಚೂ ಅಷ್ಟು ಪಟ್ಟು. ಮೇಲೆ ನಿಮಿಷಕ್ಕೆ 20 ಲೀಟರ್ ಬೇಕಾಗೋ ಮನುಷ್ಯನಿಗೆ 20 ಮೀಟರ್ ಆಳದಲ್ಲಿ 60 ಲೀಟರ್ ಬೇಕು.

ನಿಮ್ಮ ಖರ್ಚು ಎಷ್ಟು ಅಂತ ಕಂಡುಹಿಡಿಯೋದು ಹೇಗೆ? ಮುಂದಿನ ಡೈವ್‌ನಲ್ಲಿ ಸರಿಯಾಗಿ 10 ಮೀಟರ್ ಆಳದಲ್ಲಿ 10 ನಿಮಿಷ ನಿಧಾನವಾಗಿ ಈಜಿ. ಗೇಜ್ ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯ್ತು ಬರೆದಿಡಿ. 10 ಲೀಟರ್ ಸಿಲಿಂಡರ್‌ನಲ್ಲಿ 40 ಬಾರ್ ಇಳೀತು ಅಂತಿಟ್ಕೊಳ್ಳಿ. 40 ಇಂಟು 10, 400 ಲೀಟರ್. ಹತ್ತು ನಿಮಿಷಕ್ಕೆ 400 ಅಂದರೆ ನಿಮಿಷಕ್ಕೆ 40. ಅಲ್ಲಿ ಒತ್ತಡ 2 ಬಾರ್, ಹಾಗಾಗಿ ಎರಡರಿಂದ ಭಾಗಿಸಿ. 20 ಲೀಟರ್. ಇದು ನಿಮ್ಮ ಮೇಲ್ಮೈ ಖರ್ಚಿನ ದರ. ಇದು ಗೊತ್ತಿಲ್ಲದೆ ಡೈವ್ ಮಾಡೋದು ಅಂದರೆ ಸಂಬಳ ಎಷ್ಟು ಅಂತ ಗೊತ್ತಿದ್ದು, ತಿಂಗಳ ಖರ್ಚು ಎಷ್ಟು ಅಂತ ಗೊತ್ತಿಲ್ಲದ ಹಾಗೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಸೋಲೋ ಡೈವಿಂಗ್‌ನಲ್ಲಿ ಹಾಸಿಗೆಯ ಮೂರನೇ ಒಂದು ಭಾಗಕ್ಕೆ ಮಾತ್ರ ಕಾಲು ಚಾಚಬೇಕು. ಗುಹೆ ಡೈವರ್‌ಗಳಿಂದ ಬಂದ ನಿಯಮ ಇದು. ಒಂದು ಭಾಗ ಹೋಗೋಕೆ, ಒಂದು ಭಾಗ ಬರೋಕೆ, ಒಂದು ಭಾಗ ಮುಟ್ಟೋ ಹಾಗಿಲ್ಲ. 200 ಬಾರ್ ಇದ್ರೆ ಸುಮಾರು 135 ಬಾರ್ ಆದ ಕೂಡಲೇ ವಾಪಸ್. ಎಷ್ಟೇ ಚೆಂದದ ಮೀನು ಕಂಡರೂ ವಾಪಸ್.

ಆದರೆ ಸಿಲಿಂಡರ್‌ನಲ್ಲಿ ಗಾಳಿ ಇದ್ದು ಅದು ಬಾಯಿಗೆ ಬರದೇ ಹೋದರೆ? ರೆಗ್ಯುಲೇಟರ್ ಕೆಟ್ಟು ಗಾಳಿ ಒಂದೇ ಸಮ ಹೊರಗೆ ನುಗ್ಗಿದ್ರೆ ತುಂಬಿದ ಸಿಲಿಂಡರ್ ಕೂಡ ಕೆಲವೇ ನಿಮಿಷದಲ್ಲಿ ಖಾಲಿ ಆಗಬಹುದು. ಅದಕ್ಕೆ ಎರಡನೇ ಸಿಲಿಂಡರ್ ಬೇಕು, ಅದಕ್ಕೆ ಅದರದ್ದೇ ರೆಗ್ಯುಲೇಟರ್, ಅದರದ್ದೇ ಗೇಜ್. ಮುಖ್ಯ ಸಿಲಿಂಡರ್ ಪಕ್ಕ ಕಟ್ಟೋ ಈ ಚಿಕ್ಕ ಸಿಲಿಂಡರ್‌ಗೆ ಪೋನಿ ಅಂತಾರೆ. ನೆನಪಿಡಿ, ನಿಮ್ಮ ಮಾಮೂಲಿ ಸೆಟ್‌ನಲ್ಲಿ ಹಳದಿ ಬಣ್ಣದ ಎರಡನೇ ಬಾಯಿ ಇರುತ್ತಲ್ಲ, ಅದು ಬ್ಯಾಕಪ್ ಅಲ್ಲ. ಅದೂ ಅದೇ ಸಿಲಿಂಡರ್‌ಗೇ ಸೇರಿರೋದು. ಒಂದೇ ಟ್ಯಾಂಕ್‌ಗೆ ಎರಡು ನಲ್ಲಿ ಹಾಕಿದ್ರೆ ನೀರು ಜಾಸ್ತಿ ಆಗಲ್ಲ.

ಪೋನಿ ಎಷ್ಟು ದೊಡ್ಡದಿರಬೇಕು? ಇದನ್ನೂ ಲೆಕ್ಕ ಹಾಕೋಣ. 20 ಮೀಟರ್‌ನಲ್ಲಿ ತೊಂದರೆ ಆಯ್ತು. ಗಾಬರಿಯಲ್ಲಿ ಉಸಿರು ಎರಡು ಪಟ್ಟಾಗುತ್ತೆ ಅಂತ ನಿಮಿಷಕ್ಕೆ 20ರ ಬದಲು 40 ಲೀಟರ್ ಹಿಡೀತೀನಿ. ಸಮಸ್ಯೆ ಅರ್ಥ ಮಾಡ್ಕೊಂಡು ಪೋನಿಗೆ ಬದಲಾಯಿಸೋಕೆ ಅಲ್ಲೇ ಒಂದು ನಿಮಿಷ: 120 ಲೀಟರ್. ನಿಮಿಷಕ್ಕೆ 9 ಮೀಟರ್ ವೇಗದಲ್ಲಿ 5 ಮೀಟರ್‌ವರೆಗೆ ಏರೋಕೆ ಸುಮಾರು ಎರಡು ನಿಮಿಷ: 180. ಅಲ್ಲಿ ಮೂರು ನಿಮಿಷ ಸೇಫ್ಟಿ ಸ್ಟಾಪ್: 180. ಅಲ್ಲಿಂದ ಮೇಲಕ್ಕೆ ಒಂದು ನಿಮಿಷ: 50. ಒಟ್ಟು 530 ಲೀಟರ್. 3 ಲೀಟರ್‌ನ ಪೋನಿಗೆ 200 ಬಾರ್ ತುಂಬಿಸಿದ್ರೆ 600 ಲೀಟರ್. ಸಾಕು, ಆದರೆ ಹೆಚ್ಚೇನೂ ಉಳಿಯಲ್ಲ.

ಅದೇ ಲೆಕ್ಕವನ್ನ 30 ಮೀಟರ್‌ಗೆ ಹಾಕಿ. ಅಲ್ಲೊಂದು ನಿಮಿಷಕ್ಕೆ 160, ಏರೋಕೆ ಮೂರು ನಿಮಿಷ, ಅದಕ್ಕೆ 330, ಸ್ಟಾಪ್‌ಗೆ 180, ಕೊನೆಗೆ 50. ಒಟ್ಟು 720. ಅದೇ ಪೋನಿ ಇಲ್ಲಿ ಸಾಲಲ್ಲ. ಅಂದರೆ ನೀವು ಎಷ್ಟು ಆಳಕ್ಕೆ ಹೋಗಬಹುದು ಅಂತ ನಿರ್ಧರಿಸೋದು ನಿಮ್ಮ ಧೈರ್ಯ ಅಲ್ಲ, ನಿಮ್ಮ ಪೋನಿ. ಇನ್ನು ಆನ್‌ಲೈನ್‌ನಲ್ಲಿ ಕೈಯಲ್ಲಿ ಹಿಡಿಯೋ ಪುಟಾಣಿ ಬಾಟಲ್‌ಗಳ ಜಾಹೀರಾತು ನೋಡಿರ್ತೀರ. ಅಂಥದ್ದರಲ್ಲಿ 85 ಲೀಟರ್ ಗಾಳಿ ಇದೆ ಅಂದ್ರೆ, 20 ಮೀಟರ್‌ನಲ್ಲಿ ಗಾಬರಿಯಾದ ಮನುಷ್ಯನಿಗೆ ಅದು ಮುಕ್ಕಾಲು ನಿಮಿಷಕ್ಕೂ ಬರಲ್ಲ.

ಪೋನಿಯ ಗಾಳಿ ಪ್ಲ್ಯಾನ್‌ನಲ್ಲಿ ಲೆಕ್ಕಕ್ಕೆ ಬರಲ್ಲ. ಅದು ತುರ್ತು ನಿಧಿ. ಅದನ್ನ ನಂಬ್ಕೊಂಡು ಇನ್ನೈದು ನಿಮಿಷ ಕೆಳಗಿದ್ರೆ ಅವತ್ತೇ ಅದು ತುರ್ತು ನಿಧಿ ಅಲ್ಲ. ಪ್ರತಿ ಡೈವ್‌ಗೂ ಮುಂಚೆ ಅದರ ಗೇಜ್ ನೋಡಿ, ಬಾಯಿಗಿಟ್ಟು ನಾಲ್ಕು ಉಸಿರು ಎಳೆದು ನೋಡಿ. ಅದರ ಬಾಯಿಗೆ ಬೇರೆ ಬಣ್ಣ, ಬೇರೆ ಜಾಗ ಇರಲಿ. ಮುಖ್ಯ ಸಿಲಿಂಡರ್ ಅಂದ್ಕೊಂಡು ಪೋನಿಯಿಂದಲೇ ಉಸಿರಾಡ್ತಾ ಇಳಿಯೋ ಸಾಧ್ಯತೆ ಇರಬಾರದು.

ಉಳಿದ ಸಾಮಾನಿಗೆ ಒಂದೇ ಪ್ರಶ್ನೆ ಕೇಳ್ಕೊಳ್ಳಿ: "ಇದು ಈಗ ಕೈಕೊಟ್ಟರೆ ನಾನು ಮನೆಗೆ ಹೋಗ್ತೀನಾ?"

ಮಾಸ್ಕ್ ಒಡೆದ್ರೆ? ಕಾಣಲ್ಲ, ಗೇಜ್ ಓದೋಕಾಗಲ್ಲ. ಜೇಬಲ್ಲಿ ಇನ್ನೊಂದು ಮಾಸ್ಕ್. ಡೈವ್ ಕಂಪ್ಯೂಟರ್ ಆಫ್ ಆದ್ರೆ? ಆಳ ಎಷ್ಟು, ಸಮಯ ಎಷ್ಟು ಗೊತ್ತಾಗಲ್ಲ. ಎರಡನೇ ಕಂಪ್ಯೂಟರ್. ಬಲೆಗೆ, ಗಾಳದ ದಾರಕ್ಕೆ ಸಿಕ್ಕಿಕೊಂಡ್ರೆ? ನಮ್ಮ ಕರಾವಳಿಯವರಿಗೆ ಹೇಳಬೇಕಾಗಿಲ್ಲ, ಹರಿದು ಕಳೆದುಹೋದ ನೈಲಾನ್ ಬಲೆ ನೀರಿನಡಿ ವರ್ಷಗಟ್ಟಲೆ ಇರುತ್ತೆ, ಕಣ್ಣಿಗೂ ಕಾಣಲ್ಲ. ಕತ್ತರಿಸೋ ಸಾಧನ ಎರಡು ಬೇಕು, ಒಂದು ಬಲಗೈಗೆ ಸಿಗೋ ಹಾಗೆ, ಒಂದು ಎಡಗೈಗೆ. ಸಿನಿಮಾದಲ್ಲಿ ತೋರಿಸೋ ಹಾಗೆ ಕಾಲಿಗೆ ಕಟ್ಟಿದ ದೊಡ್ಡ ಚಾಕು ಬೇಡ. ಸಣ್ಣ ಲೈನ್ ಕಟರ್, ಒಂದು ಗಟ್ಟಿ ಕತ್ತರಿ ಸಾಕು.

ಮೇಲೆ ಬಂದಾಗ ದೋಣಿಗೆ ನೀವು ಕಾಣದೇ ಹೋದ್ರೆ? ಅಲೆಗಳ ನಡುವೆ ಮನುಷ್ಯನ ತಲೆ ಒಂದು ತೆಂಗಿನಕಾಯಿಯಷ್ಟೇ ಕಾಣೋದು. ಅದಕ್ಕೆ ನೀರಿನಡಿಯಿಂದಲೇ ಗಾಳಿ ತುಂಬಿ ಮೇಲಕ್ಕೆ ಬಿಡೋ ಉದ್ದನೆಯ ಕಿತ್ತಳೆ ಬಣ್ಣದ ಬಲೂನ್ ಇದೆ, ಡಿಎಸ್‌ಎಂಬಿ ಅಂತಾರೆ. ಅದು, ಅದರ ದಾರದ ಸುರುಳಿ, ಒಂದು ಸೀಟಿ, ಬಿಸಿಲಿಗೆ ಹಿಡಿಯೋಕೆ ಚಿಕ್ಕ ಕನ್ನಡಿ, ಒಂದು ಟಾರ್ಚ್. ಜೊತೆಗೆ ದಿಕ್ಸೂಚಿ.

ಪಟ್ಟಿ ಉದ್ದ ಆಯ್ತು ಅಲ್ವಾ? ಇಲ್ಲೇ ಎಡವೋದು. ಎಲ್ಲವನ್ನೂ ಮೈಮೇಲೆ ನೇತುಹಾಕ್ಕೊಂಡು ಜಾತ್ರೆಯ ತೇರಿನ ಥರ ಇಳಿದ್ರೆ ಆ ಸಾಮಾನೇ ಬಲೆಗೆ ಸಿಕ್ಕಿಕೊಳ್ಳುತ್ತೆ. ಭಾರ ಜಾಸ್ತಿ, ಈಜೋಕೆ ಶ್ರಮ ಜಾಸ್ತಿ, ಗಾಳಿ ಖರ್ಚು ಜಾಸ್ತಿ. ಪ್ರತಿ ವಸ್ತುವಿಗೂ ಒಂದು ಖಾಯಂ ಜಾಗ ಇರಬೇಕು, ಕಣ್ಣು ಮುಚ್ಕೊಂಡು ತೆಗೆಯೋಕೆ ಬರಬೇಕು. ತೆಗೆಯೋಕೆ ಬರದ ಸಾಮಾನು ಇದ್ದೂ ಇಲ್ಲದ ಹಾಗೆ.

ಹಾಗಂದ್ರೆ ಅಭ್ಯಾಸ. ನಮ್ಮಲ್ಲಿ "ಯುದ್ಧಕಾಲೇ ಶಸ್ತ್ರಾಭ್ಯಾಸ" ಅಂತ ಬೈತಾರಲ್ಲ, ಸೋಲೋ ಡೈವಿಂಗ್‌ನಲ್ಲಿ ಆ ಬೈಗುಳ ಕೇಳೋಕೂ ಯಾರೂ ಇರಲ್ಲ. ಸ್ವಿಮ್ಮಿಂಗ್ ಪೂಲ್‌ನಲ್ಲಿ, ಆಮೇಲೆ ಕಡಿಮೆ ಆಳದ ಸಮುದ್ರದಲ್ಲಿ, ಇನ್‌ಸ್ಟ್ರಕ್ಟರ್ ಎದುರೇ ಇವನ್ನ ಮಾಡಿ.

ಮೊದಲನೆಯದು, ನೀರಿಗಿಳಿಯೋ ಮುಂಚಿನ ಪರೀಕ್ಷೆ. ಮಾಮೂಲಿಯಾಗಿ ಜೊತೆಗಾರ ನಿಮ್ಮ ಸಾಮಾನು ನೋಡ್ತಾರೆ. ಒಬ್ಬರೇ ಆದ್ರೆ ಬರೆದಿಟ್ಟ ಪಟ್ಟಿ ಬೇಕು, ನೆನಪು ನಂಬಬೇಡಿ. ಒಂದು ಚಿಕ್ಕ ಉಪಾಯ ಹೇಳ್ತೀನಿ. ಗೇಜ್ ನೋಡ್ತಾ ರೆಗ್ಯುಲೇಟರ್‌ನಿಂದ ನಾಲ್ಕೈದು ಸಲ ಜೋರಾಗಿ ಉಸಿರೆಳೀರಿ. ಮುಳ್ಳು ಅಲುಗಾಡದೆ ನಿಂತ್ರೆ ಸರಿ. ಪ್ರತಿ ಉಸಿರಿಗೂ ಮುಳ್ಳು ಕೆಳಗೆ ಹೋಗಿ ಮತ್ತೆ ಮೇಲೆ ಬಂದ್ರೆ ಸಿಲಿಂಡರ್ ವಾಲ್ವ್ ಪೂರ್ತಿ ತೆರೆದಿಲ್ಲ ಅಂತ. ದೋಣಿಯಲ್ಲಿ ಗಾಳಿ ಚೆನ್ನಾಗೇ ಬರುತ್ತೆ, 20 ಮೀಟರ್ ಕೆಳಗೆ ಹೋದಾಗ ಬಿಗಿಯಾಗುತ್ತೆ. ಅದಕ್ಕೇ ಇದು ಮೋಸದ ತೊಂದರೆ.

ಎರಡನೆಯದು, ಮಾಸ್ಕ್ ಪೂರ್ತಿ ತೆಗೆದು ಸುಮ್ಮನೆ ಉಸಿರಾಡೋದು, ಜೇಬಿನ ಮಾಸ್ಕ್ ತೆಗೆದು ಹಾಕ್ಕೊಳ್ಳೋದು. ಮೂಗಿಗೆ ನೀರು ತಾಗಿದ ಕೂಡಲೇ ಮೇಲಕ್ಕೆ ಓಡಬೇಕು ಅನ್ನಿಸುತ್ತೆ. ಆ ಅನ್ನಿಸಿಕೆಯ ಜೊತೆ ಕೂತಿರೋದೇ ಇಲ್ಲಿ ಅಭ್ಯಾಸ. ಮೂರನೆಯದು, ಕಣ್ಣು ಮುಚ್ಚಿ ಮುಖ್ಯ ರೆಗ್ಯುಲೇಟರ್‌ನಿಂದ ಪೋನಿಗೆ ಬದಲಾಯಿಸೋದು. ನಾಲ್ಕನೆಯದು, ಒಂದೇ ಆಳದಲ್ಲಿ ನಿಂತು ಡಿಎಸ್‌ಎಂಬಿ ಬಿಡೋದು, ದಾರದ ಜೊತೆ ತಾನೂ ಮೇಲಕ್ಕೆ ಎಳೆದುಕೊಂಡು ಹೋಗದ ಹಾಗೆ. ಐದನೆಯದು, ದಿಕ್ಸೂಚಿ ಹಿಡಿದು ಹೋದ ದಾರಿಯಲ್ಲೇ ದೋಣಿಯ ಹಗ್ಗಕ್ಕೆ ವಾಪಸ್ ಬರೋದು. ದಾರಿ ತಪ್ಪೋದು ಅಂದ್ರೂ ಗಾಳಿ ಖರ್ಚೇ.

ಇಷ್ಟಕ್ಕೂ ಮೇಲೆ ಒಂದು ನಿಯಮ ಇದೆ, ಓಪನ್ ವಾಟರ್ ಕೋರ್ಸ್‌ನ ಮೊದಲ ಪಾಠವೇ ಅದು. ಉಸಿರು ಕಟ್ಟಬೇಡಿ. 10 ಮೀಟರ್‌ನಿಂದ ಮೇಲ್ಮೈಗೆ ಬರೋವಷ್ಟರಲ್ಲಿ ಎದೆಯೊಳಗಿನ ಗಾಳಿ ಎರಡು ಪಟ್ಟು ಹಿಗ್ಗುತ್ತೆ. ಉಸಿರು ಹಿಡಿದು ಏರಿದ್ರೆ ಶ್ವಾಸಕೋಶಕ್ಕೇ ಪೆಟ್ಟು. ಗಾಬರಿಯಾದವರು ಮಾಡೋದು ಅದನ್ನೇ. ಅದಕ್ಕೆ ಸೋಲೋ ಡೈವರ್ ಕಲಿಯೋ ಕ್ರಮ: ನಿಲ್ಲು, ಉಸಿರಾಡು, ಯೋಚಿಸು, ಆಮೇಲೆ ಕೈ ಹಾಕು. ಬಲೆಗೆ ಸಿಕ್ಕಿಕೊಂಡಾಗ ಒದ್ದಾಡಿದ್ರೆ ಇನ್ನಷ್ಟು ಸುತ್ತಿಕೊಳ್ಳುತ್ತೆ. ಪೋನಿ ಇದೆ, ಕತ್ತರಿ ಇದೆ, ಸಮಯ ಇದೆ ಅಂತ ಗೊತ್ತಿರೋ ಮನುಷ್ಯನಿಗೆ ನಿಲ್ಲೋಕಾಗುತ್ತೆ. ಇಷ್ಟೆಲ್ಲ ಸಾಮಾನು, ಲೆಕ್ಕ ಮಾಡೋದೇ ಆ ಕೆಲವು ಶಾಂತ ಉಸಿರಿಗಾಗಿ.

ನಮ್ಮಲ್ಲಿ ಇನ್ನೊಂದು ಮಾತಿದೆ, "ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು". ಡೈವಿಂಗ್‌ನಲ್ಲಿ ಈ ಮಾತು ಮರೆತುಬಿಡಿ. ಇಳಿದ ಮೇಲೂ ವಾಪಸ್ ಬರೋ ಹಕ್ಕು ನಿಮ್ಮದೇ. ಕಿವಿ ಸ್ವಲ್ಪ ನೋವು, ಮನಸ್ಸು ಯಾಕೋ ಸರಿಯಿಲ್ಲ, ಒಂದು ಬಕಲ್ ಸಡಿಲ, ಹರಿವು ಜಾಸ್ತಿ. ಯಾವುದೇ ಒಂದು ಸಾಕು, ಡೈವ್ ರದ್ದು. ದುಡ್ಡು ಕೊಟ್ಟಿದ್ದೀನಲ್ಲ ಅನ್ನೋ ಯೋಚನೆ ಬರುತ್ತೆ. ಕಾಮರ್ಸ್‌ನವರು ಇದಕ್ಕೆ ಸಂಕ್ ಕಾಸ್ಟ್ ಅಂತೀವಿ. ಖರ್ಚಾಗಿ ಹೋದ ದುಡ್ಡು ನೋಡಿ ಮುಂದಿನ ನಿರ್ಧಾರ ಮಾಡಬಾರದು.

ಈಗ ಈ ಸಂಚಿಕೆಯ ಕಷ್ಟದ ಭಾಗ. ಇಷ್ಟೆಲ್ಲ ತಯಾರಾದ್ರೂ ಎರಡನೇ ಕಾಪಿ ಇಟ್ಕೊಳ್ಳೋಕಾಗದ ಒಂದು ವಸ್ತು ಇದೆ. ಅದು ನೀವು. ಸಿಲಿಂಡರ್ ಎರಡು, ಮಾಸ್ಕ್ ಎರಡು, ಕಂಪ್ಯೂಟರ್ ಎರಡು ಸರಿ. ಪ್ರಜ್ಞೆ ತಪ್ಪಿದ್ರೆ? ಸ್ಕೂಬಾ ಸಾವುಗಳಲ್ಲಿ ಹೃದಯದ ತೊಂದರೆ ಒಂದು ದೊಡ್ಡ ಕಾರಣ ಅಂತ ವೈದ್ಯರು ಹೇಳ್ತಾನೇ ಬಂದಿದ್ದಾರೆ. ಎದೆನೋವು, ಫಿಟ್ಸ್, ತಲೆಸುತ್ತು ಬಂದಾಗ ಬಾಯಿಂದ ರೆಗ್ಯುಲೇಟರ್ ಜಾರದ ಹಾಗೆ ಹಿಡಿದು ಮೇಲಕ್ಕೆ ತರೋಕೆ ಇನ್ನೊಬ್ಬ ಮನುಷ್ಯನೇ ಬೇಕು. ಅದಕ್ಕೆ ಯಾವ ಅಂಗಡಿಯಲ್ಲೂ ಸಾಧನ ಇಲ್ಲ. ಸೋಲೋ ಡೈವ್ ಮಾಡೋರು ಈ ಅಪಾಯ ಕಡಿಮೆ ಮಾಡಬಹುದು: ವೈದ್ಯರ ತಪಾಸಣೆ, ಒಳ್ಳೆ ನಿದ್ದೆ, ಹಿಂದಿನ ರಾತ್ರಿ ಕುಡಿಯದೇ ಇರೋದು, ಕಡಿಮೆ ಆಳ, ಪರಿಚಯದ ಜಾಗ. ಸೊನ್ನೆ ಮಾಡೋಕಾಗಲ್ಲ. ಇದನ್ನ ಒಪ್ಪಿಕೊಂಡೇ ಇಳಿಯಬೇಕು, ಮನೆಯವರಿಗೂ ಹೇಳಿರಬೇಕು. ಅವರಿಗೆ ಹೇಳೋಕೆ ಬಾಯಿ ಬರಲ್ಲ ಅಂದ್ರೆ ನಿಮ್ಮ ಉತ್ತರ ಅಲ್ಲೇ ಇದೆ.

ಹಾಗೇ, ಸೋಲೋ ಡೈವ್ ಅಂದ್ರೆ ಯಾರಿಗೂ ಹೇಳದೆ ಹೋಗೋದಲ್ಲ. ದೋಣಿಯಲ್ಲೋ ದಡದಲ್ಲೋ ಒಬ್ಬರಿಗೆ ಎಲ್ಲಿ ಇಳೀತೀನಿ, ಎಷ್ಟು ಆಳ, ಎಷ್ಟು ಹೊತ್ತಿಗೆ ವಾಪಸ್, ಬರದಿದ್ರೆ ಯಾರಿಗೆ ಫೋನ್ ಮಾಡಬೇಕು ಅಂತ ಬರೆದು ಕೊಟ್ಟಿರಬೇಕು. ಟ್ರೆಕ್ಕಿಂಗ್‌ಗೆ ಹೋಗುವಾಗ ಮನೆಯಲ್ಲಿ ಹೇಳಿ ಹೋಗ್ತೀವಲ್ಲ, ಹಾಗೆ. ಆ ಡೈವ್ ಸೆಂಟರ್‌ನ ನಿಯಮ ಒಪ್ಪದಿದ್ರೆ ಸರ್ಟಿಫಿಕೇಟ್ ಇದ್ದರೂ ಇಳಿಯೋ ಹಾಗಿಲ್ಲ. ಎಷ್ಟೋ ಕಡೆ ಗೈಡ್ ಇಲ್ಲದೆ ಬಿಡಲ್ಲ. ಅದರ ಬಗ್ಗೆ ಜಗಳ ಬೇಡ, ನಿಮ್ಮನ್ನ ಹುಡುಕೋಕೆ ಬರಬೇಕಾಗಿರೋದು ಅವರೇ.

ಹಾಗಾದ್ರೆ ನಾವೇನು ಮಾಡೋಣ? ಐದೋ ಹತ್ತೋ ಡೈವ್ ಆಗಿರೋ ನನ್ನ ನಿಮ್ಮಂಥವರು ನೂರು ಆಗೋವರೆಗೆ ಕಾಯ್ತಾ ಕೂರೋದಲ್ಲ. ಇವತ್ತಿಂದಲೇ ಸೋಲೋ ಡೈವರ್ ಥರ ತಯಾರಾಗಿ, ಜೊತೆಗಾರರ ಜೊತೆಯೇ ಇಳಿಯೋಣ. ನಿಮ್ಮ ಗಾಳಿ ಖರ್ಚಿನ ದರ ನಿಮಗೆ ಗೊತ್ತಿರಲಿ. ನಿಮ್ಮ ಸಾಮಾನನ್ನ ಬೇರೆಯವರು ಜೋಡಿಸಿಕೊಟ್ಟರೂ ನೀವೇ ಇನ್ನೊಂದು ಸಲ ನೋಡಿ. ಒಂದು ಡಿಎಸ್‌ಎಂಬಿ, ಒಂದು ಕಟರ್, ಒಂದು ಸೀಟಿ ಸ್ವಂತದ್ದು ತಗೊಳ್ಳಿ, ಆಮೇಲೆ ಕಂಪ್ಯೂಟರ್. ದೋಣಿಯಲ್ಲಿ ಸಿಕ್ಕ ಜೊತೆಗಾರರ ಹತ್ತಿರ ಎರಡು ನಿಮಿಷ ಮಾತಾಡಿ: ಎಷ್ಟು ದೂರ ಇರ್ತೀವಿ, ಕ್ಯಾಮೆರಾ ಇದ್ಯಾ, ಗಾಳಿ ಎಷ್ಟಾದಾಗ ತಿರುಗ್ತೀವಿ, ಕಳೆದುಹೋದ್ರೆ ಎಷ್ಟು ಹೊತ್ತು ಹುಡುಕಿ ಮೇಲೆ ಬರ್ತೀವಿ. ಸಾಮಾನ್ಯವಾಗಿ ಒಂದು ನಿಮಿಷ ಹುಡುಕಿ, ಮೇಲೆ ಬಂದು ಸೇರೋದು ಕ್ರಮ.

ಹೀಗೆ ತಯಾರಾದವರು ಯಾವತ್ತೂ ಒಬ್ಬರೇ ಇಳಿಯದೇ ಇರಬಹುದು. ಆದರೆ ನೀರಿನಡಿ ನನ್ನ ಪಕ್ಕದಲ್ಲಿ ಯಾರಿರಬೇಕು ಅಂತ ಕೇಳಿದ್ರೆ ನಾನು ಅವರನ್ನೇ ಆರಿಸ್ತೀನಿ. ಅವರ ಗಾಳಿ ಮುಗಿಯಲ್ಲ, ದಾರಿ ತಪ್ಪಲ್ಲ, ಗಾಬರಿ ಬೀಳಲ್ಲ. ನನಗೆ ಕೊಡೋಕೆ ಅವರ ಹತ್ತಿರ ಏನಾದ್ರೂ ಉಳಿದಿರುತ್ತೆ.

ಈ ವಾರದ ಹೋಂವರ್ಕ್: ಯಾರ ಹತ್ತಿರ ಲಾಗ್‌ಬುಕ್ ಇದೆಯೋ ಅವರು ಕೊನೆಯ ಡೈವ್‌ನ ಸರಾಸರಿ ಆಳ, ನಿಮಿಷ, ಖರ್ಚಾದ ಬಾರ್ ತಗೊಂಡು ನಿಮ್ಮ ದರ ಲೆಕ್ಕ ಹಾಕಿ. ಉತ್ತರ ವಾಯ್ಸ್ ನೋಟ್‌ನಲ್ಲಿ ಕಳಿಸಿ. ಇನ್ನೂ ಡೈವ್ ಮಾಡದೇ ಇರೋರು ಮೊದಲು ಈಜು ಕಲೀರಿ, ಮಳೆಗಾಲ ಮುಗಿದು ಸೀಸನ್ ಶುರುವಾಗೋವಷ್ಟರಲ್ಲಿ ಸಮಯ ಇದೆ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ಅಲ್ಲಿವರೆಗೆ, ನಿಧಾನವಾಗಿ ಉಸಿರಾಡ್ತಾ ಇರಿ. ನಮಸ್ಕಾರ.